ಅಟ್ಟ ಹತ್ತಿದಾಗ ಮಾತ್ರ ಬರುವ ‘ಗ್ಯಾಸ್ಟ್ರಿಕ್’

ಪ್ರಶ್ನೆ: ನನಗೆ 44 ವರ್ಷ, ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಎರಡು ತಿಂಗಳಿಂದ ಊಟ ಮುಗಿಸಿ ಅಟ್ಟ ಹತ್ತಿದರೆ ಎದೆ ಮಧ್ಯೆ ಹಿಡಿದ ಹಾಗಾಗುತ್ತದೆ. ಇಳಿದು ಐದು ನಿಮಿಷ ಕೂತರೆ ತಾನಾಗಿಯೇ ಹೋಗುತ್ತದೆ. ಗ್ಯಾಸ್ಟ್ರಿಕ್ ಇರಬೇಕೆಂದು ದಿನಾ ಮಾತ್ರೆ ನುಂಗುತ್ತಿದ್ದೇನೆ. ಇಸಿಜಿ ಮಾಡಿಸಿದೆ, ನಾರ್ಮಲ್ ಅಂದರು. ದಿನಕ್ಕೆ ಏಳೆಂಟು ಬೀಡಿ ಸೇದುತ್ತೇನೆ. ತಂದೆಯವರು 51ಕ್ಕೇ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಹೆದರುವಂಥದ್ದೇನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಅಟ್ಟದ ಸಾಲನ್ನು. ಹೊಟ್ಟೆಯ ಉರಿಗೆ ಮೆಟ್ಟಿಲ ಲೆಕ್ಕ ಗೊತ್ತಿರುವುದಿಲ್ಲ. ಕೂತಾಗಲೂ ಬರುತ್ತದೆ, ಮಲಗಿದರೆ ಇನ್ನೂ ಹೆಚ್ಚುತ್ತದೆ. ಹತ್ತಿದಾಗ ಬಂದು, ಕೂತರೆ ಹೋಗುವ ಬಿಗಿತ ಕಂಡರೆ ನಾವು ಮೊದಲು ಅನುಮಾನಿಸುವುದು ಹೃದಯವನ್ನೇ. ಇದಕ್ಕೆ ಆಂಜೈನಾ ಎನ್ನುತ್ತೇವೆ. ಹೃದಯದ ಮಾಂಸಖಂಡಕ್ಕೆ ರಕ್ತ ಕೊಡುವ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ ದಾರಿ ಕಿರಿದಾಗಿರುತ್ತದೆ. ಸುಮ್ಮನೆ ಕೂತಾಗ ಆ ಕಿರಿದಾದ ದಾರಿಯೇ ಸಾಕು. ಅಟ್ಟ ಹತ್ತುವಾಗ ಹೃದಯ ಹೆಚ್ಚು ರಕ್ತ ಕೇಳುತ್ತದೆ, ಬರುವುದಿಲ್ಲ, ಎದೆ ಹಿಡಿಯುತ್ತದೆ. ಊಟವಾದ ಮೇಲೆ ಜೀರ್ಣಕ್ಕೂ ರಕ್ತ ಬೇಕು, ಹೃದಯದ ಕೆಲಸ ಇನ್ನಷ್ಟು ಹೆಚ್ಚುತ್ತದೆ. ಅನ್ನ ಉಂಡ ಮೇಲೆ ಬಂತು ಎಂಬ ಒಂದೇ ಕಾರಣಕ್ಕೆ ಎಷ್ಟೋ ಜನ ಅದನ್ನು ಗ್ಯಾಸ್ಟ್ರಿಕ್ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ನೋವು ಎಲ್ಲಿ ಎಂದು ಕೇಳಿದಾಗ ಕೆಲವರು ಒಂದೇ ಬೆರಳಿಟ್ಟು ‘ಇಲ್ಲೇ, ಚುಚ್ಚುತ್ತೆ’ ಎನ್ನುತ್ತಾರೆ. ಇನ್ನು ಕೆಲವರು ಏನೂ ಹೇಳದೆ ಮುಷ್ಟಿ ಕಟ್ಟಿ ಎದೆಗೂಡಿನ ಮೇಲೆ ಒತ್ತುತ್ತಾರೆ. ಈ ಎರಡನೆಯವರನ್ನು ಕಂಡರೆ ನನ್ನ ಕೈ ಇಸಿಜಿ ಯಂತ್ರದ ಕಡೆ ಹೋಗುತ್ತದೆ. ಹೃದಯದ ನೋವನ್ನು ಜನ ‘ನೋವು’ ಎನ್ನುವುದೇ ಕಡಿಮೆ. ಭಾರ, ಹಿಂಡಿದ ಹಾಗೆ, ಕಲ್ಲು ಇಟ್ಟ ಹಾಗೆ ಎನ್ನುತ್ತಾರೆ. ನೀವೂ ‘ಹಿಡಿದ ಹಾಗೆ’ ಎಂದೇ ಬರೆದಿದ್ದೀರಿ.

ಇಸಿಜಿ ನಾರ್ಮಲ್ ಬಂತೆಂದು ನೆಮ್ಮದಿ ಪಡಬೇಡಿ. ಮಂಚದ ಮೇಲೆ ಮಲಗಿಸಿ ತೆಗೆದ ಇಸಿಜಿ ಆ ಹೊತ್ತಿನ ಕಥೆಯನ್ನಷ್ಟೇ ಹೇಳುತ್ತದೆ; ಆಗ ನಿಮಗೆ ನೋವೂ ಇರಲಿಲ್ಲ. ಈ ವಾರವೇ ಹೃದ್ರೋಗ ತಜ್ಞರನ್ನು ಕಾಣಿ. ಎಕೋ (ಹೃದಯದ ಸ್ಕ್ಯಾನ್), ಟ್ರೆಡ್‌ಮಿಲ್ (ನಡೆಸುತ್ತಾ ತೆಗೆಯುವ ಇಸಿಜಿ), ಸಿಟಿ ಆಂಜಿಯೋಗ್ರಾಂ (ಹೃದಯದ ನಾಳಗಳ ಚಿತ್ರ), ಇವುಗಳಲ್ಲಿ ಯಾವುದು ಬೇಕೆಂದು ನಿಮ್ಮನ್ನು ನೋಡಿ ಅವರು ಹೇಳಲಿ. ಅಲ್ಲಿಯವರೆಗೆ ಅಟ್ಟಕ್ಕೆ ಬೇರೆಯವರನ್ನು ಹತ್ತಿಸಿ.

ನಿಮ್ಮ ವಯಸ್ಸಿಗೆ ಇದು ಬೇಗವಲ್ಲವೇ ಎಂದು ಅನಿಸಬಹುದು. 2004ರಲ್ಲಿ ಪ್ರಕಟವಾದ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವುದು ಉಳಿದವರಿಗಿಂತ ಐದಾರು ವರ್ಷ ಮುಂಚೆ. ತಂದೆಗೋ ಅಣ್ಣತಮ್ಮಂದಿರಿಗೋ 55ರೊಳಗೆ, ತಾಯಿಗೋ ಅಕ್ಕತಂಗಿಯರಿಗೋ 65ರೊಳಗೆ ಬಂದಿದ್ದರೆ ಅಪಾಯ ಮತ್ತಷ್ಟು ಹೆಚ್ಚು. ತಂದೆಯ ಕಡೆಯಿಂದ ಬಂದದ್ದನ್ನು ಬದಲಿಸಲಾಗದು, ಬೀಡಿಯನ್ನು ಬದಲಿಸಬಹುದು. ‘ಬರೀ ಏಳೆಂಟು’ ಎನ್ನಬೇಡಿ, ದಿನಕ್ಕೆ ಒಂದೆರಡು ಸೇದಿದರೂ ನಾಳಕ್ಕೆ ಪೆಟ್ಟು ಬೀಳುತ್ತದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರನ್ನೂ ನೋಡಿಸಿ. ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದೆಯೇ ಎಂದು ಟೇಪು ಹಿಡಿದು ನೋಡಿ (ಪ್ಯಾಂಟಿನ ಅಳತೆ ನಂಬಬೇಡಿ, ಅದು ಹೊಟ್ಟೆಯ ಕೆಳಗೆ ಕೂತಿರುತ್ತದೆ).

ಇನ್ನೊಂದು ಮಾತು, ಇದನ್ನು ಮನೆಯವರಿಗೂ ಓದಿಸಿ. ಆ ಬಿಗಿತ ಸುಮ್ಮನಿದ್ದಾಗಲೇ ಬಂದರೆ, ಕೂತರೂ ಹೋಗದಿದ್ದರೆ, ಜೊತೆಗೆ ತಣ್ಣನೆಯ ಬೆವರು, ಎಡಗೈ ಅಥವಾ ದವಡೆಗೆ ಸೆಳೆತ, ವಾಂತಿ ಇದ್ದರೆ, ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಸೋಡಾ, ಜೀರಿಗೆ ಕಷಾಯ ಎಂದು ಬೆಳಗಿನವರೆಗೆ ಕಾಯಬೇಡಿ. ಬೈಕ್ ಹತ್ತಬೇಡಿ, 108ಕ್ಕೆ ಫೋನ್ ಮಾಡಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಅದು ಮೊದಲ ಎರಡು ಮೂರು ಗಂಟೆಗಳಲ್ಲಿ ಬಿದ್ದರೆ ಉಳಿಯುವ ಮಾಂಸಖಂಡವೇ ಬೇರೆ, ತಡವಾದರೆ ಉಳಿಯುವುದೇ ಬೇರೆ.

ಪ್ರಶ್ನೆ: ಅಮ್ಮನಿಗೆ 63, ಹದಿನೈದು ವರ್ಷದಿಂದ ಶುಗರ್. ಎದೆನೋವು ಇಲ್ಲವೇ ಇಲ್ಲ. ಆದರೆ ಅಂಗಳ ಗುಡಿಸುವಷ್ಟರಲ್ಲಿ ಏದುಸಿರು. ವಯಸ್ಸಿನ ಸುಸ್ತು ಎನ್ನುತ್ತಾರೆ. – ಶಿರಸಿಯ ಓದುಗರು

ಉತ್ತರ: ಅಮ್ಮ ಈಗ ಎಷ್ಟು ದಿಂಬು ಇಟ್ಟು ಮಲಗುತ್ತಾರೆ, ನೋಡಿ. ಮೊದಲು ಒಂದಿದ್ದದ್ದು ಎರಡಾಗಿದ್ದರೆ, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರೆ, ಸಂಜೆಗೆ ಪಾದ ಊದಿ ಬೆರಳಿಂದ ಒತ್ತಿದ ಕಡೆ ಗುಳಿ ಉಳಿಯುತ್ತಿದ್ದರೆ, ಹೃದಯದ ಪಂಪು ಸೋತಿರುವ ಲಕ್ಷಣ. ಹಾಗಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇವೇನೂ ಇಲ್ಲದಿದ್ದರೂ ಇಸಿಜಿ, ಎಕೋ ಬೇಕು, ರಕ್ತಹೀನತೆ ಇದೆಯೇ ಎಂದೂ ನೋಡಬೇಕು. ಹಳೆಯ ಸಕ್ಕರೆ ಕಾಯಿಲೆ ನರಗಳನ್ನು ಮಂಕಾಗಿಸುವುದರಿಂದ ಹೃದಯಾಘಾತವೂ ನೋವಿಲ್ಲದೆ ಆಗಿಹೋಗಬಹುದು. ಹೆಂಗಸರಲ್ಲಿ ವಾಕರಿಕೆ, ವಿಪರೀತ ಸುಸ್ತು, ಬೆನ್ನಿನ ಸೆಳೆತವಷ್ಟೇ ಕಾಣುವುದೂ ಉಂಟು. ನಮ್ಮ ಮನೆಗಳಲ್ಲಿ ಅಪ್ಪನಿಗೆ ಎದೆ ಹಿಡಿದರೆ ಕಾರು ತರಿಸುತ್ತಾರೆ, ಅಮ್ಮನಿಗೆ ಸುಸ್ತಾದರೆ ಎಳನೀರು ಕೊಡುತ್ತಾರೆ. ನೀವು ಬರೆದು ಕೇಳಿದ್ದು ಒಳ್ಳೆಯದಾಯಿತು.

ಪ್ರಶ್ನೆ: ಬಿಪಿ 128/80ಕ್ಕೆ ಇಳಿದಿದೆ. ಮಾತ್ರೆ ನಿಲ್ಲಿಸಬಹುದೇ?

ಉತ್ತರ: ಮಾತ್ರೆ ತಿನ್ನುತ್ತಿರುವುದರಿಂದಲೇ ಅದು 128/80. ನೀವಾಗಿಯೇ ನಿಲ್ಲಿಸಿದರೆ ಸದ್ದಿಲ್ಲದೆ ಮೇಲೇರುತ್ತದೆ. ಏರಿದ್ದು ಒಂದು ದಿನ ಬಾಯಿ ಸೊಟ್ಟಗಾದಾಗಲೋ, ಒಂದು ಕೈ ಎತ್ತಲಾರದಾದಾಗಲೋ, ಮಾತು ತೊದಲಿದಾಗಲೋ ಗೊತ್ತಾಗುತ್ತದೆ. ಅದು ಪಾರ್ಶ್ವವಾಯು, ಅದಕ್ಕೂ 108 ಬೇಕು. ಮೈ ತೂಕ, ಉಪ್ಪು ಎರಡೂ ಇಳಿದಿದ್ದರೆ ವೈದ್ಯರೇ ಡೋಸು ಕಡಿಮೆ ಮಾಡಬಹುದು. ಎರಡು ವಾರ ಮನೆಯಲ್ಲಿ ಅಳೆಯಿರಿ: ಕಾಫಿ ಕುಡಿದ ಅರ್ಧ ಗಂಟೆ ಬಿಟ್ಟು, ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕೂತು, ಕೈಯನ್ನು ಮೇಜಿನ ಮೇಲಿಟ್ಟು. ತಾರೀಕಿನ ಜೊತೆ ಬರೆದಿಟ್ಟ ಆ ಚೀಟಿಯನ್ನು ಅವರಿಗೆ ತೋರಿಸಿ.