ಅಮೆರಿಕದಲ್ಲಿ ಡೆಂಟಲ್ ಓದಬೇಕು, ಎಲ್ಲಿಂದ ಶುರು ಮಾಡೋದು?

ಅಮೆರಿಕದಲ್ಲಿರುವ ಕನ್ನಡದ ಮನೆಗಳಿಂದ ಬಂದ ನಾಲ್ಕು ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇನೆ. ನಾನು ಕರ್ನಾಟಕದಲ್ಲಿ ಬಿಡಿಎಸ್ ಮುಗಿಸಿ, ಇಲ್ಲಿಗೆ ಬಂದು ಮತ್ತೆ ಓದಿ, ಹಲ್ಲಿನ ಡಾಕ್ಟರಾಗಿ ಕೆಲಸ ಮಾಡುತ್ತಿರುವವಳು.

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಕಾಲೇಜಿನ ಎರಡನೇ ವರ್ಷದಲ್ಲಿ ಎಕನಾಮಿಕ್ಸ್ ಓದುತ್ತಿದ್ದಾಳೆ. ಈಗ ಇದ್ದಕ್ಕಿದ್ದಂತೆ ಡೆಂಟಿಸ್ಟ್ ಆಗುತ್ತೇನೆ ಅಂತಾಳೆ. ಬಯಾಲಜಿಗೆ ಬದಲಾಯಿಸು ಅಂದರೆ ಕೇಳೋದಿಲ್ಲ. ಊರಲ್ಲಾದರೆ ಪಿಯುಸಿ ಮುಗಿಸಿ ನೀಟ್ ಬರೆದರೆ ಆಯಿತು. ಇಲ್ಲಿ ಯಾವ ಕೋಚಿಂಗ್‌ಗೆ ಸೇರಿಸಲಿ?

ಮೊದಲಿಗೆ, ಎಕನಾಮಿಕ್ಸ್ ಬಿಡಿಸಬೇಡಿ. ಇಲ್ಲಿ ಸಾಮಾನ್ಯವಾಗಿ ಮೊದಲು ಒಂದು ಡಿಗ್ರಿ ಮುಗಿಸಿ, ಆಮೇಲೆ ಡೆಂಟಲ್ ಕಾಲೇಜು ಸೇರುವುದು. ಇಲ್ಲಿ ಡೆಂಟಲ್ ಕಾಲೇಜು ಸೇರಲು ಡಿಗ್ರಿಯ ಮುಖ್ಯ ವಿಷಯ (ಮೇಜರ್) ಬಯಾಲಜಿಯೇ ಆಗಬೇಕು ಅಂತೇನಿಲ್ಲ. ಸಂಗೀತ ಓದಿದವರೂ ಸೇರುತ್ತಾರೆ. ಬೇಕಾಗಿರುವುದು ಕೆಲವು ಕೋರ್ಸುಗಳು. ಹೆಚ್ಚಿನ ಕಾಲೇಜುಗಳು ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಇವುಗಳನ್ನು ಲ್ಯಾಬ್ ಸಮೇತ ಒಂದೊಂದು ವರ್ಷ ಕೇಳುತ್ತವೆ. ಜೊತೆಗೆ ಬಯೋಕೆಮಿಸ್ಟ್ರಿ, ಇಂಗ್ಲಿಷ್. ಕೆಲವು ಕಡೆ ಮೈಕ್ರೋಬಯಾಲಜಿ, ಅನಾಟಮಿ, ಫಿಸಿಯಾಲಜಿ ಕೂಡ. ಇದು ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಹಾಗಾಗಿ ಮಗಳು ತನಗೆ ಇಷ್ಟವಾದ ಎಂಟು-ಹತ್ತು ಕಾಲೇಜುಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಏನು ಬೇಕು ಅಂತ ಈಗಲೇ ಬರೆದಿಟ್ಟುಕೊಳ್ಳಲಿ. ಪಟ್ಟಿಯಲ್ಲಿ ನ್ಯೂವಾರ್ಕ್‌ನ ರಟ್ಗರ್ಸ್ ಇರಲೇಬೇಕು. ಅದು ನಿಮ್ಮದೇ ರಾಜ್ಯದ ಸರ್ಕಾರಿ ಕಾಲೇಜು. ಅಂಥ ಕಾಲೇಜುಗಳಲ್ಲಿ ಆಯಾ ರಾಜ್ಯದ ಮಕ್ಕಳಿಗೆ ಫೀಸೂ ಕಡಿಮೆ, ಸಾಮಾನ್ಯವಾಗಿ ಆದ್ಯತೆಯೂ ಜಾಸ್ತಿ.

ಕೋಚಿಂಗ್ ವಿಷಯ ಆಮೇಲೆ. ಮುಂದಿನ ರಜೆಯಲ್ಲಿ ಅವಳು ಒಂದು ಕ್ಲಿನಿಕ್‌ನಲ್ಲಿ ಕೂರಲಿ. ಡಾಕ್ಟರ್ ಪಕ್ಕದಲ್ಲಿ ನಿಂತು ಕೆಲಸ ನೋಡುವುದಕ್ಕೆ ಇಲ್ಲಿ ಶ್ಯಾಡೋಯಿಂಗ್ ಅಂತಾರೆ. ಅರ್ಜಿ ಹಾಕುವ ಹೊತ್ತಿಗೆ ಸುಮಾರು 100 ಗಂಟೆ ಆಗಿರಲಿ ಎಂದು ಸಲಹೆ ಕೊಡುವವರೇ ಹೆಚ್ಚು. ಗಂಟೆ ತುಂಬಿಸುವುದು ಕಷ್ಟವಲ್ಲ. ಅಲ್ಲಿ ಏನು ನೋಡಿದಳು ಅನ್ನುವುದು ಮುಖ್ಯ. ಒಂದೇ ಕ್ಲಿನಿಕ್ ಬೇಡ. ಮಕ್ಕಳ ಹಲ್ಲು ನೋಡುವವರ ಬಳಿ ಒಂದು ವಾರ, ಶಸ್ತ್ರಚಿಕಿತ್ಸೆ ಮಾಡುವವರ ಬಳಿ ಒಂದು ವಾರ, ಇನ್ಶೂರೆನ್ಸ್ ಇಲ್ಲದವರಿಗೆ ನಡೆಸುವ ಉಚಿತ ಕ್ಲಿನಿಕ್‌ನಲ್ಲಿ ಒಂದಿಷ್ಟು ದಿನ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಗೊತ್ತಾ? ನಾನು ಡೆಂಟಲ್‌ಗೆ ಸೇರಿದ್ದು ಮೆಡಿಕಲ್ ಸೀಟು ತಪ್ಪಿತು ಅಂತ. ಮೊದಲ ವರ್ಷ ಮೇಣದ ತುಂಡಿನಲ್ಲಿ ಹಲ್ಲು ಕೆತ್ತಿದ್ದೇ ಕೆತ್ತಿದ್ದು. ರೋಗಿಯ ಬಾಯಿ ನೋಡಿದ್ದು ಮೂರನೇ ವರ್ಷದಲ್ಲಿ. ಎಂಟು ಗಂಟೆ ಕತ್ತು ಬಗ್ಗಿಸಿ ಕೂರಬೇಕು, ಹೆದರಿ ನಡುಗುತ್ತಿರುವವರನ್ನು ಸಮಾಧಾನ ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ನನಗೇನೋ ಕೆಲಸ ಹಿಡಿಸಿತು, ಜೊತೆಗಿದ್ದ ಎಷ್ಟೋ ಜನರಿಗೆ ಹಿಡಿಸಲಿಲ್ಲ. ಅದನ್ನು ಕಾಲೇಜು ಸೇರುವ ಮುಂಚೆಯೇ ನೋಡಿ ತಿಳಿಯುವ ಅವಕಾಶ ನಿಮ್ಮ ಮಗಳಿಗಿದೆ. ಸಂದರ್ಶನದಲ್ಲಿ ಕೇಳುವುದೂ ಇದನ್ನೇ: ಯಾಕೆ ಡಾಕ್ಟರ್ ಅಲ್ಲ, ಯಾಕೆ ನರ್ಸ್ ಅಲ್ಲ, ಯಾಕೆ ಹಲ್ಲು?

ಇನ್ನು ಪರೀಕ್ಷೆ. ಹೆಸರು ಡಿಎಟಿ, ಅಂದರೆ ಡೆಂಟಲ್ ಅಡ್ಮಿಷನ್ ಟೆಸ್ಟ್. ವಿಜ್ಞಾನದ 100 ಪ್ರಶ್ನೆಗೆ 90 ನಿಮಿಷ. ಅದರಲ್ಲಿ ಬಯಾಲಜಿ 40, ಎರಡು ಕೆಮಿಸ್ಟ್ರಿಗಳಿಂದ 30-30. ಫಿಸಿಕ್ಸ್ ಇಲ್ಲವೇ ಇಲ್ಲ. ಓದಿ ಅರ್ಥ ಮಾಡಿಕೊಳ್ಳುವ ಭಾಗ, ಗಣಿತದ ಭಾಗ ಇವೆ. ಮಕ್ಕಳು ಎಡವುವುದು ಪಿಎಟಿ ಎನ್ನುವ ಭಾಗದಲ್ಲಿ: 60 ನಿಮಿಷ, 90 ಪ್ರಶ್ನೆ. ಕಾಗದ ಮಡಚಿ ತೂತು ಹೊಡೆದು ಬಿಚ್ಚಿದರೆ ಎಲ್ಲೆಲ್ಲಿ ತೂತು ಕಾಣುತ್ತದೆ, ನಾಲ್ಕು ಕೋನಗಳಲ್ಲಿ ಚಿಕ್ಕದು ಯಾವುದು, ಇಂಥವು. ಚುಕ್ಕಿ ರಂಗೋಲಿ ಹಾಕಿ ಬೆಳೆದವರಿಗೆ ಇದು ಆಟದಂತೆ ಅನ್ನಿಸಬಹುದು (ನನ್ನ ಅಕ್ಕನ ಮಗಳಿಗೆ ಹಾಗನ್ನಿಸಲಿಲ್ಲ, ಅದು ಬೇರೆ ವಿಷಯ). ದಿನಕ್ಕೆ ಅರ್ಧ ಗಂಟೆಯಂತೆ ಎರಡು-ಮೂರು ತಿಂಗಳು ಅಭ್ಯಾಸ ಮಾಡಿದರೆ ಕಣ್ಣು ಪಳಗುತ್ತದೆ. ಅದಕ್ಕೆ ದುಬಾರಿ ಕೋಚಿಂಗ್ ಬೇಕಿಲ್ಲ. ಇನ್ನೊಂದು ಮಾತು: 2025ರ ಮಾರ್ಚ್‌ನಿಂದ ಅಂಕ ಕೊಡುವ ರೀತಿ ಬದಲಾಗಿದೆ. ಮುಂಚೆ 1ರಿಂದ 30, ಈಗ 200ರಿಂದ 600. ಪರಿಚಯದವರು ಯಾರಾದರೂ "21 ಬಂದರೆ ಸಾಕು" ಅಂದರೆ ಅದು ಹಳೆಯ ಲೆಕ್ಕ.

ಬಹುತೇಕ ಡೆಂಟಲ್ ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವ್ಯವಸ್ಥೆಗೆ ಆಡ್‌ಸಾಸ್ ಅಂತಾರೆ. ಮೇ ಮಧ್ಯದಲ್ಲಿ ತೆರೆಯುತ್ತದೆ, ಜೂನ್ ಶುರುವಿನಿಂದ ಕಳಿಸಬಹುದು. ಕೊನೆಯ ದಿನ ಇನ್ನೂ ದೂರ ಇದೆ ಅಂತ ಸುಮ್ನೆ ಕೂತವರು ಕೆಡುತ್ತಾರೆ. ಬಹುತೇಕ ಕಾಲೇಜುಗಳು ಅರ್ಜಿ ಬಂದಂತೆ ಬಂದಂತೆ ನೋಡಿ ಸಂದರ್ಶನಕ್ಕೆ ಕರೆಯುತ್ತವೆ. ಡಿಸೆಂಬರ್ ಮಧ್ಯದಿಂದ ಸೀಟು ಕೊಡಲು ಶುರು. ಮದುವೆ ಊಟದ ಮೊದಲ ಪಂಕ್ತಿ, ಕೊನೆಯ ಪಂಕ್ತಿ ಇದ್ದ ಹಾಗೆ ಅಂದುಕೊಳ್ಳಿ. ಕೊನೆಗೆ ಕೂತವರಿಗೂ ಎಲೆ ಹಾಕುತ್ತಾರೆ, ಹೋಳಿಗೆ ಉಳಿದಿರುತ್ತದೋ ಇಲ್ಲವೋ. ನಾಲ್ಕು ವರ್ಷ ಮುಗಿದ ಕೂಡಲೇ ಸೇರಬೇಕಾದರೆ ಮೂರನೇ ವರ್ಷ ಮುಗಿಯುವಷ್ಟರಲ್ಲಿ ಡಿಎಟಿ ಆಗಿರಬೇಕು, ಆ ಜೂನ್‌ನಲ್ಲೇ ಅರ್ಜಿ ಹೋಗಬೇಕು. ನಿಮ್ಮ ಮಗಳು ಈಗಷ್ಟೇ ಕೆಮಿಸ್ಟ್ರಿ ಶುರು ಮಾಡುವುದಾದರೆ ಅಷ್ಟು ಅವಸರ ಬೇಡ. ಡಿಗ್ರಿ ಮುಗಿಸಿ ಒಂದು ವರ್ಷ ಡೆಂಟಲ್ ಅಸಿಸ್ಟೆಂಟ್ ಆಗಿ ದುಡಿದು, ಆಮೇಲೆ ಸೇರಲಿ. ನೆಂಟರು "ವರ್ಷ ಹಾಳಾಯಿತು" ಅಂತಾರೆ. ಅನ್ನಲಿ ಬಿಡಿ.

ಪ್ರಶ್ನೆ: ನಮಸ್ಕಾರ ಆಂಟಿ, ನಾನು ಟೆಕ್ಸಸ್‌ನಲ್ಲಿ ಮೂರನೇ ವರ್ಷ ಓದುತ್ತಿದ್ದೇನೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಬಂತು. ಮತ್ತೆ ತೆಗೆದುಕೊಂಡು ಎ ಮಾಡಿದರೆ ಹಳೆಯದು ಅಳಿದು ಹೋಗುತ್ತಾ? ಅಪ್ಪನಿಗೆ ಇನ್ನೂ ಹೇಳಿಲ್ಲ.

ಆಂಟಿ ಅಂದಿದ್ದೀಯ, ನೀನು ಅಂತಲೇ ಬರೆಯುತ್ತೇನೆ. ಅಳಿಯೋದಿಲ್ಲ ಕಣಪ್ಪ. ನಿನ್ನ ಕಾಲೇಜು ಹಳೆಯ ಗ್ರೇಡ್ ಬಿಟ್ಟು ಲೆಕ್ಕ ಹಾಕಬಹುದು. ಆದರೆ ಆಡ್‌ಸಾಸ್ ಎರಡನ್ನೂ ಸೇರಿಸಿ ತನ್ನದೇ ಜಿಪಿಎ (ಎಲ್ಲ ಗ್ರೇಡುಗಳ ಸರಾಸರಿ, 4ಕ್ಕೆ ಇಷ್ಟು ಅಂತ) ಹಾಕುತ್ತದೆ. ವಿಜ್ಞಾನದ ಕೋರ್ಸುಗಳ ಜಿಪಿಎ ಬೇರೆ ತೆಗೆಯುತ್ತದೆ. ಸೀಟು ಸಿಕ್ಕವರ ಸರಾಸರಿ ಜಿಪಿಎ 3.6ರ ಆಸುಪಾಸಿನಲ್ಲಿರುತ್ತದೆ.

ಸಿ ಬಂದರೆ ಹೆಚ್ಚಿನ ಕಡೆ ಕೋರ್ಸು ಪಾಸಾದಂತೆಯೇ. ಅದನ್ನೇ ಮತ್ತೆ ಓದುವ ಬದಲು ಅದರ ಮುಂದಿನದನ್ನು, ಬಯೋಕೆಮಿಸ್ಟ್ರಿಯನ್ನು ತಗೊಂಡು ಚೆನ್ನಾಗಿ ಮಾಡು ಅನ್ನುತ್ತೇನೆ ನಾನು. ಗ್ರೇಡು ಮೇಲಕ್ಕೆ ಹೋಗುತ್ತಿದೆಯಾ ಅಂತ ನೋಡುತ್ತಾರೆ. ಡಿಎಟಿಯ ಆರ್ಗ್ಯಾನಿಕ್ ಭಾಗದಲ್ಲಿ ಒಳ್ಳೆಯ ಅಂಕ ಬಂದರೆ ಆ ಸಿ ಗ್ರೇಡಿಗೆ ನೀನು ಕೊಟ್ಟ ಉತ್ತರ ಅದೇ. ಆದರೆ ಡಿ ಬಂದಿದ್ದರೆ ಮಾತೇ ಬೇರೆ, ಮತ್ತೆ ಓದಲೇಬೇಕು.

ನಿನ್ನ ರಾಜ್ಯದ ಸರ್ಕಾರಿ ಡೆಂಟಲ್ ಕಾಲೇಜುಗಳಿಗೆ, ಅಂದರೆ ಹ್ಯೂಸ್ಟನ್, ಸ್ಯಾನ್ ಆಂಟೋನಿಯೋ, ಡಲ್ಲಾಸ್, ಎಲ್ ಪಾಸೋಗಳಲ್ಲಿ ಇರುವವಕ್ಕೆ, ಟಿಎಂಡಿಎಸ್‌ಎಎಸ್ ಅನ್ನುವ ಬೇರೆ ಅರ್ಜಿ ಇದೆ. ಅದು ಮೇ ತಿಂಗಳಲ್ಲೇ ಶುರು. ಮರೆಯಬೇಡ. ಅಪ್ಪನಿಗೆ ಇವತ್ತೇ ಹೇಳು.

ಪ್ರಶ್ನೆ: ನಾನು ಎಚ್‌-1ಬಿ ವೀಸಾದಲ್ಲಿದ್ದೇನೆ. ಮಗನಿಗೆ ಎಚ್‌-4. ಹೈಸ್ಕೂಲಿನ ಕೊನೆಯ ವರ್ಷ. ಡೆಂಟಲ್ ಓದಬೇಕು ಅಂತಾನೆ. ಗ್ರೀನ್ ಕಾರ್ಡ್ ಸದ್ಯಕ್ಕಿಲ್ಲ. ತೊಂದರೆ ಆಗುತ್ತದೆಯೇ?

ಆಗುತ್ತದೆ. ಬೇಸರದ ಮಾತಾದರೂ ಈಗಲೇ ಹೇಳುವುದು ಒಳ್ಳೆಯದು. 21 ತುಂಬಿದ ಮೇಲೆ, ನಿಮ್ಮ ವೀಸಾವನ್ನು ಆಧರಿಸಿದ ಎಚ್‌-4 ಉಳಿಯುವುದಿಲ್ಲ, ಎಫ್‌-1 ಅನ್ನುವ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಅಂದರೆ ಡೆಂಟಲ್ ಅರ್ಜಿ ಹಾಕುವ ಹೊತ್ತಿಗೆ ಅವನು ವಿದೇಶಿ ವಿದ್ಯಾರ್ಥಿ, ಇಲ್ಲೇ ಬೆಳೆದಿದ್ದರೂ ಸರಿ. ಎಷ್ಟೋ ಸರ್ಕಾರಿ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ. ತೆಗೆದುಕೊಳ್ಳುವ ಖಾಸಗಿ ಕಾಲೇಜುಗಳಿವೆ. ಅವುಗಳಲ್ಲಿ ಕೆಲವು ಕಡೆ ಫೀಸು, ಉಪಕರಣ, ಊಟ-ವಸತಿ ಸೇರಿ ವರ್ಷಕ್ಕೆ 1 ಲಕ್ಷ ಡಾಲರ್ ದಾಟುತ್ತದೆ.

ಕೇಂದ್ರ ಸರ್ಕಾರದ ಸಾಲ ಸಾಮಾನ್ಯವಾಗಿ ಸಿಗುವುದು ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ. ಅವರಿಗೂ ಹೊಸ ಮಿತಿ ಬಂದಿದೆ. 2025ರ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಪೂರ್ತಿ ಖರ್ಚಿನವರೆಗೂ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ ಇಲ್ಲ. ಡೆಂಟಲ್‌ನಂಥ ಕೋರ್ಸಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್ ಮಾತ್ರ. ಉಳಿದದ್ದು ಖಾಸಗಿ ಬ್ಯಾಂಕ್, ಅದಕ್ಕೆ ಜಾಮೀನು ಬೇಕು.

ಊರಿಗೆ ಕಳಿಸಿ ಬಿಡಿಎಸ್ ಓದಿಸುವ ದಾರಿಯೂ ಇದೆ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಇಲ್ಲಿ ಕೆಲಸ ಮಾಡಬೇಕಾದರೆ ಸಾಮಾನ್ಯವಾಗಿ ಮತ್ತೆ ಎರಡು-ಮೂರು ವರ್ಷದ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಕೋರ್ಸು, ಅಂದರೆ ಹೊರದೇಶದಲ್ಲಿ ಡೆಂಟಲ್ ಓದಿದವರಿಗೆ ಇರುವ ಕೋರ್ಸು. ನಾನು ಬಂದ ದಾರಿ ಅದೇ. ಸುಲಭದ್ದಲ್ಲ, ಖರ್ಚೂ ಕಡಿಮೆಯಲ್ಲ. ನೀಟ್ ಬರೆಯಬೇಕಾದರೆ ಹೈಸ್ಕೂಲಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಇರಬೇಕು. ಮಗನಿಗೆ ಇವು ಇವೆಯಾ ಅಂತ ಈ ವಾರವೇ ನೋಡಿ. ವೀಸಾ ಲೆಕ್ಕವನ್ನು ವಕೀಲರ ಹತ್ತಿರ ಒಮ್ಮೆ ಕೇಳಿ, ನಾನು ಹಲ್ಲಿನ ಡಾಕ್ಟರ್ ಅಷ್ಟೇ.

ಪ್ರಶ್ನೆ: ಡಿಡಿಎಸ್ ದೊಡ್ಡದೋ ಡಿಎಂಡಿ ದೊಡ್ಡದೋ? ಹುಡುಗನ ಕಡೆಯವರು ಡಿಎಂಡಿ ಅಂತ ಬರೆದಿದ್ದಾರೆ.

ಎರಡೂ ಇಲ್ಲಿ ಹಲ್ಲಿನ ಡಾಕ್ಟರಿಗೆ ಕೊಡುವ ಡಿಗ್ರಿಯ ಹೆಸರು, ಎರಡೂ ಒಂದೇ. ಓದೂ ಒಂದೇ, ಲೈಸೆನ್ಸೂ ಒಂದೇ. 1840ರಲ್ಲಿ ಬಾಲ್ಟಿಮೋರ್‌ನಲ್ಲಿ ಶುರುವಾದ ಡೆಂಟಲ್ ಕಾಲೇಜು ಡಿಡಿಎಸ್ ಕೊಟ್ಟಿತು. 1867ರಲ್ಲಿ ಹಾರ್ವರ್ಡ್ ಡೆಂಟಲ್ ಕಾಲೇಜು ತೆರೆದಾಗ, ಅಲ್ಲಿ ಡಿಗ್ರಿ ಹೆಸರು ಲ್ಯಾಟಿನ್‌ನಲ್ಲಿ ಇರಬೇಕಿತ್ತು. ಡಿಡಿಎಸ್ ಲ್ಯಾಟಿನ್‌ಗೆ ಸರಿಯಾಗಿ ಹೊಂದಲಿಲ್ಲ, ಡಿಎಂಡಿ ಅಂತ ಮಾಡಿಕೊಂಡರು. ಸಂಬಂಧ ಚೆನ್ನಾಗಿದ್ದರೆ ಮುಂದುವರಿಸಿ. ಹುಡುಗನ ಸಾಲ ಎಷ್ಟಿದೆ ಅಂತ ಮಾತ್ರ ಕೇಳಿ.