ಹಿಮದ ಮೇಲೆ ತಟ್ಟಡವು ಕೇಳಿಸುವುದಿಲ್ಲ

ನರ್ತಕರು ಧ್ರುವಪ್ರದೇಶದವರೆಗೆ ಹೋಗಿ ಕುಣಿಯುವ ವಿಡಿಯೊ ನೋಡಿ, ಅದರಲ್ಲಿ ಅಂದದ ಚಿತ್ರೀಕರಣವಲ್ಲದೆ ಬೇರೇನಾದರೂ ಇದೆಯೇ ಎಂದು ಕೇಳಿದ್ದೀರಿ. ಇದೆ ಎಂದೇ ನನ್ನ ಅನಿಸಿಕೆ.

ಭರತನಾಟ್ಯ ಕಲಿತ ನಾನು ಓದಿಗಾಗಿ ಉತ್ತರ ನಾರ್ವೆಯ ಟ್ರೋಮ್ಸೊದಲ್ಲಿ ಎರಡು ಚಳಿಗಾಲ ಕಳೆದವಳು. ಹೊಸದಾಗಿ ಬಿದ್ದ ಹಿಮದ ಮೇಲೆ ಒಂದು ದಿನ ದಪ್ಪ ಬೂಟು ಹಾಕಿಕೊಂಡೇ, ಪಾದದಿಂದ ನೆಲವನ್ನು ತಟ್ಟುವ ಹೆಜ್ಜೆಯಾದ ತಟ್ಟಡವು ಮಾಡಿದೆ. ಕಾಲು ಹೂತುಹೋಯಿತೇ ಹೊರತು ಸದ್ದು ಬರಲಿಲ್ಲ. ಹಗುರವಾದ ಹಿಮದ ಕಣಗಳ ನಡುವೆ ಗಾಳಿ ತುಂಬಿರುವುದರಿಂದ ಅದು ಶಬ್ದವನ್ನು ಹೀರಿಕೊಂಡುಬಿಡುತ್ತದೆ. ತಟ್ಟಿದರೆ ನೆಲ ಮರುನುಡಿಯುತ್ತದೆ ಎಂಬ ಭರವಸೆಯ ಮೇಲೆ ನನ್ನ ಲಯ ಎಷ್ಟು ನಿಂತಿತ್ತು ಎಂಬುದು ಅಂದು ತಿಳಿಯಿತು. ಚಳಿಗಿಂತ ಹೆಚ್ಚು ಕಾಡಿದ್ದು ಬೆವರು: ಕುಣಿಯುವಾಗ ಒದ್ದೆಯಾದ ಒಳಉಡುಪು, ನಿಂತ ಕೂಡಲೇ ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಹಸ್ತಗಳ, ಅಂದರೆ ಕೈಮುದ್ರೆಗಳ, ಮಾತಂತೂ ಬೇಡ. ಕೈಗವಸಿನೊಳಗೆ ಕಟಕಾಮುಖವೂ ಮುಷ್ಟಿಯೂ ಒಂದೇ.

ನ್ಯೂಜಿಲೆಂಡಿನ ನೃತ್ಯ ಸಂಯೋಜಕ ಕೋರಿ ಬೇಕರ್ ಬ್ಯಾಲೆ ನರ್ತಕಿಯೊಬ್ಬರನ್ನು ಅಂಟಾರ್ಕ್ಟಿಕಕ್ಕೆ ಕರೆದೊಯ್ದು ತೆಗೆದ ಕಿರುಚಿತ್ರ 2018ರಲ್ಲಿ ಬಂತು; ನೀವು ನೋಡಿರುವುದು ಬಹುಶಃ ಅಂಥದ್ದನ್ನೇ. ನನಗೆ ಅದಕ್ಕಿಂತ ಹಿಡಿಸಿದ್ದು ಬ್ರಿಟನ್ನಿನ ನೃತ್ಯ ಸಂಯೋಜಕಿ ಶಿವಾನ್ ಡೇವಿಸ್ ಅವರ ದಾರಿ. ಕಲಾವಿದರನ್ನೂ ವಿಜ್ಞಾನಿಗಳನ್ನೂ ಒಟ್ಟಿಗೆ ಆರ್ಕ್ಟಿಕ್‌ಗೆ ಕರೆದೊಯ್ಯುತ್ತಿದ್ದ ಕೇಪ್ ಫೇರ್‌ವೆಲ್ ಯೋಜನೆಯ ಯಾನದಿಂದ ಮರಳಿದ ಮೇಲೆ, 2006ರಲ್ಲಿ ಅವರು ಮಾಡಿದ ಕೃತಿಯಲ್ಲಿ ಹಿಮವೇ ಇಲ್ಲ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಆಕೃತಿಯೊಂದು ಕುಣಿಯುತ್ತದೆ. ಮೈಗೆ ಕಟ್ಟಿದ ಬಾಗುವ ಕಡ್ಡಿಗಳು ಹೆಚ್ಚುತ್ತ ಹೋಗಿ, ಮೊದಲು ಚಲನೆಯನ್ನು ದೊಡ್ಡದು ಮಾಡಿದವೇ ಕೊನೆಗೆ ಅದನ್ನು ಕಟ್ಟಿಹಾಕುತ್ತವೆ.

ಇನ್ನೊಂದು ವಿಷಯವನ್ನು ಮರೆಯಬಾರದು. ಅಂಟಾರ್ಕ್ಟಿಕಕ್ಕೆ ಮೂಲನಿವಾಸಿಗಳಿಲ್ಲ, ಆರ್ಕ್ಟಿಕ್‌ಗೆ ಇದ್ದಾರೆ. ಅವರ ಕುಣಿತ ಹೊರಗಿನ ಕಲಾವಿದರು ಬರುವುದಕ್ಕಿಂತ ಬಹಳ ಹಿಂದಿನದು. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನರ ಡೋಲು ಕುಣಿತ ಮತ್ತು ಹಾಡನ್ನು ಯುನೆಸ್ಕೊ 2021ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು. ಕಿಲಾತ್ ಎಂಬ ಆ ಡೋಲನ್ನು ಚರ್ಮದ ಮೇಲೆ ಬಾರಿಸುವುದಿಲ್ಲ, ಕೆಳಗಿನಿಂದ ಕೋಲಿನಲ್ಲಿ ಅದರ ಚೌಕಟ್ಟಿನ ಅಂಚಿಗೆ ಹೊಡೆಯುತ್ತಾರೆ. ಹಿಂದೆ ಇಬ್ಬರ ನಡುವೆ ಜಗಳವಾದರೆ ಎದುರುಬದುರು ನಿಂತು, ಡೋಲು ಬಾರಿಸುತ್ತ, ಒಬ್ಬರನ್ನೊಬ್ಬರು ಹಾಡಿನಲ್ಲೇ ಹಂಗಿಸಿ ಊರವರ ಮುಂದೆ ಬಗೆಹರಿಸಿಕೊಳ್ಳುವ ಪದ್ಧತಿಯೂ ಇತ್ತು. ಈ ಡೋಲು ಕುಣಿತದ ವಿಡಿಯೊ ಸಿಕ್ಕರೆ ಮೊದಲು ಮೊಣಕಾಲು ನೋಡಿ: ಸ್ವಲ್ಪ ಮಡಿಸಿ, ನಿಂತಲ್ಲೇ ತೂಗುತ್ತಾರೆ, ಭರತನಾಟ್ಯದಲ್ಲಿ ಮೊಣಕಾಲು ಮಡಿಸಿ ನಿಲ್ಲುವ ಅರಮಂಡಿಯ ದೂರದ ನೆಂಟರಂತೆ.