ಕೋಡ್ ಚೆನ್ನಾಗಿದೆ, ಜನ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಾನು ಧಾರವಾಡದವನು, ಈಗ ಪುಣೆಯ ಹಿಂಜೇವಾಡಿಯಲ್ಲಿ ಕೆಲಸ. ಗೆಳೆಯರು ಸೇರಿ ಪೈಥಾನ್ ಭಾಷೆಯಲ್ಲಿ ಒಂದು ಸಣ್ಣ ವೆಬ್ ಫ್ರೇಮ್‌ವರ್ಕ್ (ವೆಬ್‌ಸೈಟ್ ಕಟ್ಟಲು ಬೇಕಾದ ಸಿದ್ಧ ಕೋಡ್‌ನ ಚೌಕಟ್ಟು) ಮಾಡಿ ಓಪನ್ ಸೋರ್ಸ್ ಆಗಿ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ಬಳಸಿ ತಿದ್ದುವ ಹಾಗೆ, ಬಿಟ್ಟಿದ್ದೇವೆ. ಅದನ್ನು ಬಳಸುವುದು ಹೇಗೆ ಅಂತ ಹೇಳುವ ಡಾಕ್ಯುಮೆಂಟೇಶನ್ ಕೋಡ್‌ನಿಂದಲೇ ತಾನಾಗಿ ತಯಾರಾಗುತ್ತದೆ. ಜನ ಬರುತ್ತಾರೆ, ಟೆಲಿಗ್ರಾಂ ಗ್ರೂಪ್‌ನಲ್ಲಿ ಅದೇ ಅದೇ ಪ್ರಶ್ನೆ ಕೇಳುತ್ತಾರೆ, ವಾರದೊಳಗೆ ನಾಪತ್ತೆ. ಏನು ಮಾಡೋಣ?

ಉತ್ತರ: ಆ "ಅದೇ ಅದೇ ಪ್ರಶ್ನೆ" ಇದೆಯಲ್ಲ, ಮೊದಲು ಅದನ್ನೇ ಹಿಡಿಯಿರಿ. ಒಂದೇ ಪ್ರಶ್ನೆ ಎರಡನೇ ಸಲ ಬಂತು ಅಂದರೆ ನಿಮ್ಮ ಡಾಕ್ಯುಮೆಂಟೇಶನ್‌ನಲ್ಲಿ ಅಲ್ಲೊಂದು ತೂತು ಇದೆ ಅಂತಲೇ ಲೆಕ್ಕ. ನೀವು ಗ್ರೂಪ್‌ನಲ್ಲಿ ಎಷ್ಟೇ ಚೆನ್ನಾಗಿ ಉತ್ತರ ಕೊಟ್ಟರೂ ಸಂಜೆಯೊಳಗೆ ಅದು ಬೇರೆ ಮೆಸೇಜ್‌ಗಳ ಕೆಳಗೆ ಹೂತುಹೋಗುತ್ತದೆ, ನಾಳೆ ಬರುವವರು ಮತ್ತೆ ಕೇಳುತ್ತಾರೆ, ನಾಡಿದ್ದು ನಿಮಗೇ ಬೇಜಾರು ಬಂದು ಉತ್ತರ ಚುಟುಕಾಗುತ್ತದೆ, ಅದನ್ನು ಓದಿದವರು ಸುಮ್ನೆ ಎದ್ದು ಹೋಗುತ್ತಾರೆ.

ಕೋಡ್‌ನಿಂದ ತಾನಾಗಿ ಬರುವುದು ರೆಫರೆನ್ಸ್ ಮಾತ್ರ. ಯಾವ ಫಂಕ್ಷನ್‌ಗೆ ಏನು ಕೊಡಬೇಕು, ಏನು ವಾಪಸ್ ಬರುತ್ತದೆ, ಇಷ್ಟೇ. ಕೆಲಸ ಗೊತ್ತಿದ್ದವರಿಗೆ ಅದು ಸಾಕು. ಹೊಸಬರಿಗೆ ಬೇಕಾದದ್ದು ಕೈಹಿಡಿದು ಕರೆದುಕೊಂಡು ಹೋಗುವ ಟ್ಯುಟೋರಿಯಲ್. ಜಾಂಗೋ ನೋಡಿ. 2003ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾ ಆಫೀಸಿನಲ್ಲಿ ಶುರುವಾಗಿ, 2005ರ ಜುಲೈನಲ್ಲಿ ಎಲ್ಲರ ಕೈಗೆ ಬಂದ ಫ್ರೇಮ್‌ವರ್ಕ್. ಮತ ಹಾಕುವ ಒಂದು ಪುಟ್ಟ ಆ್ಯಪ್ ಕಟ್ಟಿಸುತ್ತಲೇ ಮಾಡೆಲ್ (ಮಾಹಿತಿ ಇಡುವ ಭಾಗ), ವ್ಯೂ (ಕೋರಿಕೆಗೆ ಉತ್ತರ ಕೊಡುವ ಭಾಗ), ಟೆಂಪ್ಲೇಟ್ (ಪುಟದ ಅಚ್ಚು) ಎಲ್ಲ ಕಲಿಸುವ ಅದರ ಟ್ಯುಟೋರಿಯಲ್ ಇಂದಿಗೂ ಹೊಸಬರ ಮೊದಲ ಮೆಟ್ಟಿಲು. ಇನ್ನೊಂದು ವಿಷಯ ನನಗೆ ತುಂಬ ಇಷ್ಟ: ಅಲ್ಲಿ ಹೊಸ ಫೀಚರ್ ತಂದವರು ಕೋಡ್ ಜೊತೆಗೆ ಟೆಸ್ಟನ್ನೂ ಡಾಕ್ಯುಮೆಂಟೇಶನ್ನನ್ನೂ ತರಲೇಬೇಕು. "ಆಮೇಲೆ ಬರೆದರಾಯಿತು" ನಡೆಯುವುದಿಲ್ಲ.

ಈಗ ನಿಮ್ಮ ಇನ್‌ಸ್ಟಾಲ್ ಪುಟ ತೆಗೆಯಿರಿ. ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟ್‌ಗೆ ಬೇಕಾದ ಪೈಥಾನ್ ಸಾಮಗ್ರಿಯನ್ನು ಬೇರೆಯಾಗಿ ಇಡುವ ಜಾಗ) ಶುರು ಮಾಡುವ ಕಮಾಂಡ್ ಲಿನಕ್ಸ್‌ಗೆ ಮಾತ್ರ ಕೊಟ್ಟಿದ್ದೀರಾ? ನಮ್ಮ ಕಾಲೇಜು ಹುಡುಗರ ಕೈಯಲ್ಲಿರುವುದು ಜಾಸ್ತಿ ವಿಂಡೋಸ್. ಅಲ್ಲಿ ಆ ಕಮಾಂಡೇ ಬೇರೆ. ಹೇಗೋ ಹುಡುಕಿ ಸರಿಯಾದದ್ದನ್ನು ಹೊಡೆದರೂ ಪವರ್‌ಶೆಲ್ (ವಿಂಡೋಸ್‌ನಲ್ಲಿ ಕಮಾಂಡ್ ಹೊಡೆಯುವ ಕಿಟಕಿ) "ಈ ಸಿಸ್ಟಂನಲ್ಲಿ ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ" ಅಂತ ಕೆಂಪು ಅಕ್ಷರದಲ್ಲಿ ಎರಚಿಬಿಡುತ್ತದೆ, ಯಾಕಂದರೆ ಸಾಮಾನ್ಯ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಎಕ್ಸಿಕ್ಯೂಷನ್ ಪಾಲಿಸಿ, ಅಂದರೆ ಸ್ಕ್ರಿಪ್ಟ್ ಓಡಿಸಲು ಬಿಡಬೇಕೋ ಬೇಡವೋ ಅನ್ನುವ ಸೆಟ್ಟಿಂಗ್, ಮೊದಲಿನಿಂದಲೇ ಹಾಗಿರುತ್ತದೆ. ನಿಮ್ಮ ಫ್ರೇಮ್‌ವರ್ಕ್‌ನ ಒಂದು ಸಾಲೂ ಇನ್ನೂ ಓಡಿಲ್ಲ, ಹೊಸದಾಗಿ ಬಂದ ಹುಡುಗಿಯೊಬ್ಬಳು "ಇದು ನನ್ನ ಕೈಲಾಗದು" ಅಂತ ಲ್ಯಾಪ್‌ಟಾಪ್ ಮುಚ್ಚಿಟ್ಟಳು. ಆ ಎರರ್ ಅನ್ನು ಇದ್ದ ಹಾಗೇ ಪುಟದಲ್ಲಿ ಹಾಕಿ, ಕೆಳಗೆ ಪರಿಹಾರ ಬರೆಯಿರಿ. ಗೂಗಲ್‌ನಲ್ಲಿ ಜನ ಹುಡುಕುವುದೂ ಎರರ್‌ನ ಮಾತನ್ನೇ ಅಲ್ವಾ?

ಅದನ್ನು ಬರೆಯಬೇಕಾದವರು ಯಾರು ಗೊತ್ತಾ? ನಿನ್ನೆ ಅಲ್ಲೇ ಸಿಕ್ಕಿಹಾಕಿಕೊಂಡವರು. ನಿಮಗೆ ಆ ತೊಡಕು ಈಗ ಕಣ್ಣಿಗೇ ಬೀಳುವುದಿಲ್ಲ, ಅವರಿಗೆ ಬಿಸಿಬಿಸಿಯಾಗಿ ನೆನಪಿರುತ್ತದೆ. ಉತ್ತರ ಕೊಟ್ಟ ಕೂಡಲೇ "ಇದನ್ನು ಆ ಪುಟದಲ್ಲಿ ಸೇರಿಸಿ ಕೊಡುತ್ತೀರಾ?" ಅಂತ ಕೇಳಿ. ಎರಡು ಸಾಲಾದರೂ ಸರಿ. ಬೇಗ ನೋಡಿ, ಬೇಗ ಸೇರಿಸಿ, ಹೊಸ ಆವೃತ್ತಿಯ ಜೊತೆ ಕೊಡುವ ರಿಲೀಸ್ ನೋಟ್‌ನಲ್ಲಿ ಹೆಸರು ಹಾಕಿ. ತನ್ನ ಮಾತು ಪುಟದಲ್ಲಿ ಕಂಡವರು ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಮುಂದಿನ ಸಲ ಹೊಸಬರಿಗೆ ಅವರೇ ಉತ್ತರ ಹೇಳುತ್ತಾರೆ. ಸಮುದಾಯ ಬೆಳೆಯುವುದು ಹೀಗೆ, ಸ್ಟಿಕ್ಕರ್ ಹಂಚಿ ಬೆಳೆದದ್ದನ್ನು ನಾನಂತೂ ನೋಡಿಲ್ಲ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿ ಬಿಸಿಎ ಓದುತ್ತಿದ್ದೇನೆ, ಹತ್ತನೇವರೆಗೆ ಕನ್ನಡ ಮಾಧ್ಯಮ. ಕೋಡಿಂಗ್ ಅಷ್ಟಕ್ಕಷ್ಟೇ. ಇಂಥ ಪ್ರಾಜೆಕ್ಟ್‌ಗಳಿಗೆ ನನ್ನಂಥವಳಿಂದ ಏನಾದರೂ ಆಗುತ್ತಾ?

ಉತ್ತರ: ಖಂಡಿತ ಆಗುತ್ತದೆ, ತಂಗಿ. ಜಾಂಗೋ ಬೆಂಬಲಿಸುವ ಭಾಷೆಗಳಲ್ಲಿ ಕನ್ನಡವೂ ಇದೆ. ಅದು ತೋರಿಸುವ ಸಂದೇಶಗಳನ್ನು ನೀವು ಕನ್ನಡಕ್ಕೆ ತರಬಹುದು. ಅನುವಾದದ ಫೈಲ್‌ನಲ್ಲಿ ಮೇಲೆ ಇಂಗ್ಲಿಷ್ ಸಾಲು, ಕೆಳಗೆ ನೀವು ತುಂಬಬೇಕಾದ ಕನ್ನಡದ ಸಾಲು. ಒಂದು ಎಚ್ಚರ: ಪರ್ಸೆಂಟ್ ಗುರುತಿನಿಂದ ಶುರುವಾಗುವ ತುಣುಕುಗಳು ಮಧ್ಯದಲ್ಲಿ ಬರುತ್ತವೆ, ಆಮೇಲೆ ಹೆಸರೋ ಸಂಖ್ಯೆಯೋ ಕೂರುವ ಜಾಗ ಅದು. ಒಳಗೆ ಹೆಸರಿರುವ ತುಣುಕನ್ನು ವಾಕ್ಯದಲ್ಲಿ ಹಿಂದೆ ಮುಂದೆ ಮಾಡಬಹುದು, ಒಳಗಿನ ಅಕ್ಷರ ಮುಟ್ಟಬಾರದು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಜಾಗ ಬದಲಾಯಿಸಬೇಕಾಗಿ ಬರುವುದೇ ಜಾಸ್ತಿ.

ಕಲಿಯುವುದಕ್ಕೆ ಜಾಂಗೋ ಗರ್ಲ್ಸ್ ಟ್ಯುಟೋರಿಯಲ್ ತೆಗೆದುಕೊಳ್ಳಿ. 2014ರಲ್ಲಿ ಬರ್ಲಿನ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ನಡೆಸಿದ ಶಿಬಿರದಿಂದ ಬೆಳೆದದ್ದು. ಇಂಟರ್‌ನೆಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನೂ ಬಿಡದೆ ಹೇಳುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಬೇರೆ ಬೇರೆ ಸೂಚನೆ ಕೊಡುತ್ತದೆ. ಓದುವಾಗ ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಗುರುತು ಹಾಕಿಕೊಂಡು ಪ್ರಾಜೆಕ್ಟ್‌ನವರಿಗೆ ತಿಳಿಸಿ. ಅದೂ ಕೊಡುಗೆಯೇ.

ಪ್ರಶ್ನೆ: ಡೊಂಬಿವ್ಲಿಯಿಂದ ಬರೆಯುತ್ತಿದ್ದೇನೆ. ಮಗ ಆಫೀಸಿನಿಂದ ಬಂದಮೇಲೂ ಪುಕ್ಕಟೆ ಪ್ರಾಜೆಕ್ಟ್‌ಗೆ ಡಾಕ್ಯುಮೆಂಟೇಶನ್ ಬರೆಯುತ್ತಾ ಕೂರುತ್ತಾನೆ. ಇದರಿಂದ ಏನು ಪ್ರಯೋಜನ?

ಉತ್ತರ: ಅಮ್ಮಾ, ನಿಮ್ಮ ಮುಂಬೈಯಲ್ಲೇ ಫ್ರಾಪೆ ಅನ್ನುವ ಕಂಪನಿ ಇದೆ. ಅವರ ಫ್ರೇಮ್‌ವರ್ಕ್ ಓಪನ್ ಸೋರ್ಸ್, ಅದರ ಮೇಲೆ ಕಟ್ಟಿದ ಇಆರ್‌ಪಿನೆಕ್ಸ್ಟ್ (ಕಂಪನಿಗಳ ಲೆಕ್ಕಪತ್ರ, ದಾಸ್ತಾನು ನೋಡಿಕೊಳ್ಳುವ ತಂತ್ರಾಂಶ) ಕೂಡ ಹಾಗೇ, ಬೇರೆ ದೇಶಗಳಲ್ಲೂ ಬಳಸುತ್ತಾರೆ. ಅಂದರೆ ಇದರಲ್ಲೂ ಬದುಕು ಕಟ್ಟಿಕೊಂಡವರಿದ್ದಾರೆ. ಮಗ ಬರೆದದ್ದು ಹೆಸರಿನ ಸಮೇತ ಎಲ್ಲರ ಕಣ್ಣಮುಂದೆ ಇರುತ್ತದೆ, ಕೆಲಸ ಕೊಡುವವರೂ ತೆರೆದು ನೋಡಬಹುದು. ನಿದ್ದೆಗೆಟ್ಟು ಮಾಡುತ್ತಿದ್ದರೆ ಮಾತ್ರ ಬೈಯಿರಿ.